ಟಪಾಲು ಮುಟ್ಟಿತೇ?

ಹೊಸ ತಾಲ್ಲೂಕು ಹುಟ್ಟುವುದು ಬಜೆಟ್ ಭಾಷಣದಲ್ಲಿ, ಕಣ್ಣಿಗೆ ಕಾಣುವುದು ಕಚೇರಿಯ ಬೋರ್ಡಿನಲ್ಲಿ. ಅದು ನಿಜವಾಗಿ ಕೆಲಸಕ್ಕೆ ತೊಡಗುವುದು ಮಾತ್ರ ಅದರ ಹೆಸರಿಗೆ ಟಪಾಲು ಬಂದು ಮುಟ್ಟತೊಡಗಿದ ಮೇಲೆ. 2017ರ ಮಾರ್ಚ್ ತಿಂಗಳ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಎರಡೂ ಇದ್ದವು. ಅಲ್ಲಿಯವರೆಗೆ ಅವು ವಿಜಯಪುರ ತಾಲ್ಲೂಕಿನ ಭಾಗ. ಒಂದು ಅಥಣಿ ರಸ್ತೆಯಲ್ಲಿ ತೊರವಿ ದಾಟಿದ ಮೇಲೆ ಸಿಗುವ ಊರು, ಇನ್ನೊಂದು ಜಮಖಂಡಿ ರಸ್ತೆಯಲ್ಲಿದೆ. ಜಿಲ್ಲಾ ಕೇಂದ್ರದಿಂದ ಎರಡಕ್ಕೂ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ.

ದೂರ ದೊಡ್ಡದಲ್ಲ. ಆದರೆ ಕಚೇರಿಯ ಲೆಕ್ಕದಲ್ಲಿ ಅದು ದೊಡ್ಡ ಬದಲಾವಣೆ. ಒಂದೇ ಕಟ್ಟಡದೊಳಗೆ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದ ಕಾಗದ ಈಗ ಊರಿಂದೂರಿಗೆ ಹೋಗಬೇಕು. ಒಂದು ತಹಶೀಲ್ದಾರ್ ಕಚೇರಿ ಇದ್ದಲ್ಲಿ ಮೂರಾದವು. ಮೂರಕ್ಕೂ ಬೆಂಗಳೂರಿನ ಸುತ್ತೋಲೆ ಬರಬೇಕು, ಮೂರರಿಂದಲೂ ಜಿಲ್ಲಾಧಿಕಾರಿ ಕಚೇರಿಗೆ ವರದಿ ಹೋಗಬೇಕು, ಹೋದದ್ದು ಮುಟ್ಟಿದೆಯೆಂದು ಗೊತ್ತಾಗಬೇಕು. ಈ ಕೆಲಸದ ಬಹುಪಾಲನ್ನು ಇಂದು ಮಾಡುವುದು ಇ-ಮೇಲ್. ಮುಂಬೈ ಕರ್ನಾಟಕದ ಕಚೇರಿಗಳ ಕಾಗದಪತ್ರ ವ್ಯವಹಾರದ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಹಳೆಯ ಟಪಾಲು ವಹಿಗಳನ್ನು ತಿರುವಿಹಾಕುತ್ತ ಹೋದಂತೆ ಇ-ಮೇಲ್ ಸರ್ವರ್ ಎನ್ನುವುದು ನನಗೆ ಹೊಸ ಯಂತ್ರದಂತೆ ಕಾಣುವುದು ನಿಂತಿತು. ಅದು ತೀರ ಹಳೆಯ ಪ್ರಶ್ನೆಯೊಂದಕ್ಕೆ ಕೊಟ್ಟ ಇತ್ತೀಚಿನ ಉತ್ತರ. ನಡುವೆ ದಾರಿ ಕೆಡುತ್ತದೆ, ಮಳೆ ಬರುತ್ತದೆ, ಕರೆಂಟು ಹೋಗುತ್ತದೆ. ಆದರೂ ಸಂದೇಶ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ? ಪ್ರಶ್ನೆ ಅಷ್ಟೇ.

ಗೆಜ್ಜೆಯ ಸದ್ದು

1333ರಲ್ಲಿ ಸಿಂಧೂ ನದಿಯ ದಡಕ್ಕೆ ಬಂದಿಳಿದ ಇಬ್ನ್ ಬತೂತಾ ಮಹಮದ್ ಬಿನ್ ತುಘಲಕ್‌ನ ಟಪಾಲು ವ್ಯವಸ್ಥೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಕುದುರೆಯ ಟಪಾಲು ಒಂದು, ಕಾಲಾಳಿನ ಟಪಾಲು ಇನ್ನೊಂದು. ಕಾಲಾಳುಗಳಿಗೆ ಮೈಲಿಗೆ ಮೂರು ಠಾಣ್ಯ. ಓಡುವವನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣ್ಯದವನು ಎದ್ದು ಸಿದ್ಧನಾಗುತ್ತಾನೆ. ಪತ್ರ ಕೈಯಿಂದ ಕೈಗೆ ದಾಟುತ್ತದೆ. ಸಿಂಧ್‌ನಿಂದ ದಿಲ್ಲಿಗೆ ಪ್ರಯಾಣಿಕರಿಗೆ ಐವತ್ತು ದಿನ ಹಿಡಿಯುವ ದಾರಿಯನ್ನು ಸುಲ್ತಾನನ ಪತ್ರ ಐದೇ ದಿನದಲ್ಲಿ ಮುಗಿಸುತ್ತಿತ್ತಂತೆ.

ಇದರಲ್ಲಿ ನಮ್ಮ ಕಣ್ಣು ಮೊದಲು ಬೀಳುವುದು ವೇಗದ ಮೇಲೆ. ನಿಜವಾಗಿ ಗಮನಿಸಬೇಕಾದದ್ದು ಗೆಜ್ಜೆಯನ್ನು. ‘ನಾನು ಬರುತ್ತಿದ್ದೇನೆ, ನೀನು ಸಿದ್ಧವಾಗಿದ್ದೀಯಾ?’ ಎಂಬ ಪ್ರಶ್ನೆ ಅದರಲ್ಲಿದೆ. ಮುಂದಿನವನು ಕೈ ಚಾಚುವ ತನಕ ಹಿಂದಿನವನು ಪತ್ರವನ್ನು ಬಿಡುವುದಿಲ್ಲ. ಇಡೀ ದಾರಿಯ ಹೊಣೆಯನ್ನು ಒಬ್ಬನೇ ಹೊರುವುದಿಲ್ಲ. ಒಬ್ಬೊಬ್ಬನದೂ ಮೈಲಿಯ ಮೂರನೆಯ ಒಂದು ಭಾಗ ಮಾತ್ರ. ಆದರೆ ಆ ಭಾಗದಲ್ಲಿ ಪತ್ರ ಯಾರ ಕೈಯಲ್ಲಿತ್ತು ಎಂಬ ಬಗ್ಗೆ ಅನುಮಾನವಿಲ್ಲ.

ಕನ್ನಡ ನಾಡಿನ ದಕ್ಷಿಣದಲ್ಲಿ ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅಂಚೆ ವ್ಯವಸ್ಥೆ ನೆಲೆಗೊಂಡಿತು. ಮೈಸೂರಿನ ಆ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋದರೂ ‘ಅಂಚೆ’ ಎಂಬ ಮಾತು ಉಳಿಯಿತು. ನಮ್ಮ ಕಡೆ, ಮರಾಠಿ ಬಲ್ಲ ವಿಜಯಪುರದ ಸೀಮೆಯಲ್ಲಿ, ನಾಲಗೆಗೆ ಹತ್ತಿದ್ದು ‘ಟಪಾಲು’. ಇವತ್ತು ಕರ್ನಾಟಕದ ಯಾವ ಸರ್ಕಾರಿ ಕಚೇರಿಗೆ ಹೋದರೂ ಹೊರಗಿನಿಂದ ಬಂದ ಕಾಗದಕ್ಕೆ ಅದೇ ಹೆಸರು.

ಕಟ್ಟಡ ಬದಲಾಯಿತು, ವಿಳಾಸ ಉಳಿಯಿತು

ವಿಜಯಪುರದ ಟಪಾಲಿನ ಚರಿತ್ರೆಯಲ್ಲಿ ನನಗೆ ಪ್ರಿಯವಾದ ಪ್ರಸಂಗವೊಂದಿದೆ. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಈ ಪ್ರದೇಶ ಸಾತಾರಾದ ರಾಜನ ಕೈಗೆ ಹೋಯಿತು. 1848ರಲ್ಲಿ ಸಾತಾರಾ ಬ್ರಿಟಿಷರ ವಶವಾದಾಗ ಮುಂಬೈ ಇಲಾಖೆಗೆ ಬಂತು. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು. 1884ರಲ್ಲಿ ಹೊಟಗಿ–ಗದಗ ರೈಲು ಮಾರ್ಗ ಬಿಜಾಪುರವನ್ನು ಹಾದುಹೋಯಿತು. ಮರುವರ್ಷ ಜಿಲ್ಲೆಯ ಮುಖ್ಯ ಕಚೇರಿಯೇ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಪಾಳುಬಿದ್ದಿದ್ದ ಆದಿಲ್‌ಶಾಹಿ ನಗರಕ್ಕೆ ಒಮ್ಮೆಲೇ ಕಲೆಕ್ಟರು, ನ್ಯಾಯಾಲಯ, ಖಜಾನೆ, ಟಪಾಲು ಎಲ್ಲ ಬೇಕಾಯಿತು. ಹೊಸ ಕಟ್ಟಡಗಳಿಗೆ ಕಾಯದೆ ಹಳೆಯ ಮಹಲುಗಳಲ್ಲೇ ಕಚೇರಿ ಹೂಡಿದರು. ಒಂದು ಮಸೀದಿಯೊಳಗೆ ಪ್ರವಾಸಿ ಬಂಗಲೆ, ಇನ್ನೊಂದರೊಳಗೆ ಪೋಸ್ಟ್ ಆಫೀಸು. 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ನಿಂತಾಗ ಇವೆರಡನ್ನೂ ಮಸೀದಿಗಳಿಂದ ತೆರವುಗೊಳಿಸಲಾಯಿತು.

ಪೋಸ್ಟ್ ಆಫೀಸು ಹೊಸ ಜಾಗಕ್ಕೆ ಹೋಯಿತು. ಪತ್ರ ಬರೆಯುವವರು ತಮ್ಮ ಲಕೋಟೆಯ ಮೇಲಿನ ವಿಳಾಸದಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಯಾಕೆಂದರೆ ವಿಳಾಸದಲ್ಲಿ ಇದ್ದದ್ದು ‘ಬಿಜಾಪುರ’, ಆ ಮಸೀದಿಯಲ್ಲ. ಟಪಾಲಿನವರ ಜಾಣತನ ಇರುವುದು ಇಲ್ಲಿ: ವಿಳಾಸ ಬೇರೆ, ಟಪಾಲು ಇಳಿಯುವ ಕಟ್ಟಡ ಬೇರೆ. ಎರಡನ್ನೂ ಬೇರೆ ಬೇರೆ ಇಟ್ಟರೆ ಕಟ್ಟಡವನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಅದೇ ಜಾಣತನ ಕಂಪ್ಯೂಟರ್ ಲೋಕಕ್ಕೆ ಬರಲು 1980ರ ದಶಕ ಬೇಕಾಯಿತು. 1971ರಲ್ಲಿ ರೇ ಟಾಮ್ಲಿನ್‌ಸನ್ ಜಾಲದ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೇಲ್ ಕಳಿಸಿ, ಹೆಸರು ಮತ್ತು ಯಂತ್ರದ ನಡುವೆ ‘ಅಟ್’ ಚಿಹ್ನೆಯನ್ನು ಇಟ್ಟಾಗ, ಚಿಹ್ನೆಯ ಬಲಕ್ಕಿದ್ದದ್ದು ಒಂದು ನಿರ್ದಿಷ್ಟ ಯಂತ್ರದ ಹೆಸರು. ಆ ಯಂತ್ರ ಕೆಟ್ಟರೆ ವಿಳಾಸವೂ ಕೆಟ್ಟಂತೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೈನ್ ಹೆಸರಿನ ವ್ಯವಸ್ಥೆ ಬಂತು. 1986ರಲ್ಲಿ ಅದಕ್ಕೆ ‘ಎಂಎಕ್ಸ್’ ಎಂಬ ದಾಖಲೆ ಸೇರಿತು. ‘ಈ ಹೆಸರಿಗೆ ಬರುವ ಮೇಲ್ ಅನ್ನು ಇಂಥ ಯಂತ್ರಕ್ಕೆ ಒಪ್ಪಿಸಿ; ಅದು ಸಿಗದಿದ್ದರೆ ಇಂಥ ಎರಡನೆಯದಕ್ಕೆ ಒಪ್ಪಿಸಿ’ ಎಂದು ಹೇಳುವ ಸಾಲು ಅದು. ಯಾವುದಕ್ಕೆ ಸಣ್ಣ ಅಂಕಿ ಕೊಟ್ಟಿದೆಯೋ ಅದಕ್ಕೆ ಮೊದಲ ಪಾಳಿ. ಅಂದಿನಿಂದ ಯಂತ್ರ ಬದಲಾದರೂ ವಿಳಾಸ ಬದಲಾಗಬೇಕಿಲ್ಲ. 2025ರಲ್ಲಿ ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಖಾತೆಗಳು ಚೆನ್ನೈ ಮೂಲದ ಜೊಹೊ ಸಂಸ್ಥೆಯ ವ್ಯವಸ್ಥೆಗೆ ಹೋದುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಆದರೂ ವಿಳಾಸದ ಕೊನೆಯ ‘ಗೌ ಡಾಟ್ ಇನ್’, ‘ಎನ್‌ಐಸಿ ಡಾಟ್ ಇನ್’ ಹಾಗೆಯೇ ಉಳಿದವು. ಮಸೀದಿಯಿಂದ ಹೊರಬಂದ ಬಿಜಾಪುರದ ಪೋಸ್ಟ್ ಆಫೀಸಿನ ಕಥೆಯೇ ದೊಡ್ಡ ಪ್ರಮಾಣದಲ್ಲಿ ಮತ್ತೊಮ್ಮೆ ನಡೆಯಿತು.

ವಿಳಾಸವನ್ನು ಹಂತ ಹಂತವಾಗಿ ಬಿಡಿಸಿ ಓದುವ ಕ್ರಮವೂ ಹೊಸದಲ್ಲ. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡ್ ನೋಡಿ. ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೂರು ಸೇರಿ 586 ಎಂದಾಗ ವಿಜಯಪುರ. ಕೊನೆಯ ಮೂರು ಅಂಕಿ ಊರಿನ ಕಚೇರಿಯನ್ನು ಹೇಳುತ್ತವೆ. ದೂರದ ಊರಿನ ವಿಂಗಡಣೆಯವನಿಗೆ ತಿಕೋಟಾ ಎಲ್ಲಿದೆಯೆಂದು ಗೊತ್ತಿರಬೇಕಿಲ್ಲ. ದಿಕ್ಕು ಗೊತ್ತಿದ್ದರೆ ಸಾಕು. ಡೊಮೈನ್ ಹೆಸರನ್ನೂ ಹೀಗೆಯೇ ಹಂತ ಹಂತವಾಗಿ ಓದುತ್ತಾರೆ, ಬಲದಿಂದ ಎಡಕ್ಕೆ ಎನ್ನುವುದಷ್ಟೇ ವ್ಯತ್ಯಾಸ.

ಆವಕ, ಜಾವಕ

ಹಳೆಯ ಕಚೇರಿಗಳಲ್ಲಿ ಎರಡು ದಪ್ಪ ವಹಿಗಳಿರುತ್ತಿದ್ದವು. ಒಳಬಂದ ಕಾಗದಕ್ಕೆ ಆವಕ, ಹೊರಹೋದದ್ದಕ್ಕೆ ಜಾವಕ. ಪ್ರತಿ ಕಾಗದಕ್ಕೂ ಒಂದು ನಂಬರು, ದಿನಾಂಕ, ಯಾರಿಂದ, ಯಾರಿಗೆ, ವಿಷಯ ಏನು. ತುರ್ತಿನದಾದರೆ ‘ಮುದ್ದಾಂ’ ಎಂದು ಬರೆದು ಆಳಿನ ಕೈಯಲ್ಲೇ ಕಳಿಸುವುದು. ಆ ಆಳು ಒಂದು ಸಣ್ಣ ಪುಸ್ತಕ ಹಿಡಿದು ಹೋಗಿ, ಕೊಟ್ಟಲ್ಲಿ ಸಹಿ ಹಾಕಿಸಿಕೊಂಡು ಬರಬೇಕು. ಟಪಾಲು ಶಾಖೆಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಕಾರಕೂನರೊಬ್ಬರು ನನಗೆ ಈ ಪುಸ್ತಕವನ್ನು ತೋರಿಸುತ್ತ, “ಕಳಸೂದು ಏನ್ ದೊಡ್ಡ ಕೆಲಸ ಅಲ್ಲ ತಂಗಿ, ಮುಟ್ಯಾದ ಅಂತ ಸಹಿ ಹಾಕಿಸ್ಕೊಂಡ್ ಬರೂದs ಕೆಲಸ” ಎಂದಿದ್ದರು.

ಈ ವಹಿಗಳನ್ನು ನೋಡಿದವರಿಗೆ ಒಂದು ಮಾತು ಹೊಳೆಯುತ್ತದೆ. ಟಪಾಲಿನ ಮೇಲಿನ ನಂಬಿಕೆ ದಾರಿ ಚೆನ್ನಾಗಿದೆ ಎಂಬುದರಿಂದ ಹುಟ್ಟಿದ್ದಲ್ಲ. ಡೋಣಿ ಹೊಳೆ ತುಂಬಿದರೆ ದಾರಿ ನಿಲ್ಲುತ್ತಿತ್ತು, ಬಂಡಿಯ ಗಾಲಿ ಹೂಳುತ್ತಿತ್ತು. ಅದೆಲ್ಲ ಆಗಿಯೇ ಆಗುತ್ತದೆ ಎಂದು ಗೊತ್ತಿದ್ದುದರಿಂದಲೇ ವಹಿ ಇಟ್ಟರು. ಮುಂದಿನವನು ಸಹಿ ಹಾಕುವ ತನಕ ಕಾಗದದ ಹೊಣೆ ನನ್ನದು; ಸಹಿ ಹಾಕಿದ ಮೇಲೆ ಅವನದು. ನಡುವೆ ಯಾರ ಹೊಣೆಯೂ ಅಲ್ಲದ ಒಂದು ಗಳಿಗೆಯೂ ಇರಕೂಡದು.

1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬೈ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಬಂದಾಗ ಜಾವಕದ ದಿಕ್ಕೇ ತಿರುಗಿತು. ಮುಂಬೈಗೆ ಹೋಗುತ್ತಿದ್ದ ಕಾಗದ ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಹೋಗತೊಡಗಿತು. ಮೇಲಧಿಕಾರಿ, ರಾಜಧಾನಿ, ಆಡಳಿತದ ಪದ್ಧತಿ ಎಲ್ಲ ಬದಲಾದರೂ ಆವಕ–ಜಾವಕದ ನಿಯಮ ಬದಲಾಗಲಿಲ್ಲ.

250 ಎಂಬ ಸಹಿ

1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮೇಲ್ ಸಾಗಿಸುವ ನಿಯಮಾವಳಿಯೊಂದನ್ನು ಪ್ರಕಟಿಸಿದರು. ಅದರ ಹೆಸರು ಎಸ್‌ಎಂಟಿಪಿ. ನಡುವೆ ಹಲವು ತಿದ್ದುಪಡಿಗಳಾದರೂ ಇಂದಿಗೂ ಜಗತ್ತಿನ ಮೇಲ್ ಸಾಗುವುದು ಅದೇ ನಿಯಮದಲ್ಲಿ. ನನ್ನಂಥ ಚರಿತ್ರೆಯ ವಿದ್ಯಾರ್ಥಿಗೂ ಅದು ಅರ್ಥವಾಗುವ ಬರಹ, ಯಾಕೆಂದರೆ ಅದು ಇಬ್ಬರು ಟಪಾಲಿನವರ ಸಂಭಾಷಣೆ. ಕಳಿಸುವ ಸರ್ವರ್ ಮೊದಲು ‘ಹೆಲೋ’ ಅನ್ನುತ್ತದೆ. ಅದು ಗೆಜ್ಜೆಯ ಸದ್ದು. ಆಮೇಲೆ ಯಾರಿಂದ ಬಂತು, ಯಾರಿಗೆ ಹೋಗಬೇಕು ಎಂದು ಹೇಳುತ್ತದೆ, ಅದು ಲಕೋಟೆ. ಆಮೇಲೆ ಪತ್ರವನ್ನು ಒಪ್ಪಿಸುತ್ತದೆ. ಎಲ್ಲ ಮುಗಿದ ಮೇಲೆ ಸ್ವೀಕರಿಸುವ ಸರ್ವರ್ 250 ಎಂಬ ಅಂಕಿಯನ್ನು ಮರಳಿಸುತ್ತದೆ. ಆ ಅಂಕಿಯೇ ಸಹಿ.

250 ಎಂದ ಮೇಲೆ ಪತ್ರದ ಹೊಣೆ ಪೂರ್ತಿ ಅದರದೇ. ಯಂತ್ರ ಕೆಟ್ಟಿತು, ಜಾಗ ಸಾಲಲಿಲ್ಲ ಎಂಬಂಥ ಕಾರಣಕ್ಕೆ ಅದನ್ನು ಕಳೆಯುವಂತಿಲ್ಲ ಎಂದು ನಿಯಮ ಹೇಳುತ್ತದೆ. ಒಂದೋ ಮುಂದಕ್ಕೆ ಮುಟ್ಟಿಸಬೇಕು, ಇಲ್ಲವೇ ಮುಟ್ಟಿಸಲಾಗಲಿಲ್ಲ ಎಂದು ಕಳಿಸಿದವರಿಗೆ ತಿಳಿಸಬೇಕು. ನಾಲ್ಕರಿಂದ ಶುರುವಾಗುವ ಅಂಕಿ ಬಂದರೆ ‘ಈಗ ಆಗದು, ಆಮೇಲೆ ಬಾ’ ಎಂದರ್ಥ. ಐದರಿಂದ ಶುರುವಾದರೆ ‘ಈ ವಿಳಾಸದವರು ಇಲ್ಲಿಲ್ಲ’ ಎಂಬಂಥ ಖಡಾಖಂಡಿತ ಉತ್ತರ. ‘ಆಮೇಲೆ ಬಾ’ ಎಂದರೆ ಕಳಿಸುವ ಸರ್ವರ್ ಪತ್ರವನ್ನು ತನ್ನಲ್ಲೇ ಸಾಲಿನಲ್ಲಿ ಇಟ್ಟುಕೊಂಡು, ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಎಂಬುದು ನಿಯಮದ ಸಲಹೆ.

ಈ ತಾಳ್ಮೆಯೇ ಇ-ಮೇಲಿನ ಬೆನ್ನೆಲುಬು. ನಾವು ಇ-ಮೇಲ್ ಎಂದರೆ ಕ್ಷಣದಲ್ಲಿ ಮುಟ್ಟುವುದು ಎಂದುಕೊಂಡಿದ್ದೇವೆ. ಅದನ್ನು ಕಟ್ಟಿದವರಿಗೆ ಮುಖ್ಯವಾಗಿದ್ದದ್ದು ಬೇರೆ: ತಡವಾದರೂ ಸರಿ, ಕಳೆಯಬಾರದು. ನಮ್ಮ ದೇಶದ ಶಿಕ್ಷಣ ಸಂಸ್ಥೆಗಳನ್ನು ಬೆಸೆಯಲು 1986ರಲ್ಲಿ ಶುರುವಾದ ಅರ್ನೆಟ್ ಮೊದಲ ದಿನಗಳಲ್ಲಿ ಫೋನ್ ಲೈನಿನ ಮೇಲೆ ನಡೆಯುತ್ತಿತ್ತು. ಮೇಲ್‌ಗಳು ಒಂದೆಡೆ ಗುಡ್ಡೆಯಾಗಿ ಕೂತು, ಸಂಪರ್ಕ ಸಿಕ್ಕಾಗ ಒಟ್ಟಿಗೆ ದಾಟುತ್ತಿದ್ದವು. ರೈಲಿನ ಟಪಾಲು ಚೀಲದ ರೀತಿಯೇ ಅದು.

ಸರ್ವರ್ ಎಲ್ಲಿರಬೇಕು?

ಈಗ ವಿಜಯಪುರ, ತಿಕೋಟಾ, ಬಬಲೇಶ್ವರ ಎಂಬ ಮೂರು ಕಚೇರಿಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅದು ಸರ್ಕಾರದ್ದಾಗಲಿ, ಸಹಕಾರಿ ಬ್ಯಾಂಕಿನದಾಗಲಿ, ದ್ರಾಕ್ಷಿ ಬೆಳೆಗಾರರ ಸಂಘದ್ದಾಗಲಿ. ಮೇಲ್ ಸರ್ವರನ್ನು ಎಲ್ಲಿ ಇಡಬೇಕು?

ಒಂದು ದಾರಿ: ಊರಿಗೊಂದು ಸರ್ವರ್. ಆಗ ಹೊರಗಿನ ಸಂಪರ್ಕ ಕಡಿದರೂ ತಿಕೋಟಾ ಕಚೇರಿಯ ಒಳಗಿನ ಮೇಲ್ ನಿಲ್ಲುವುದಿಲ್ಲ. ಹೊರಗಿನಿಂದ ಬರುವುದು ಕಳಿಸಿದವರ ಸಾಲಿನಲ್ಲಿ ಕಾಯುತ್ತದೆ. ಆದರೆ ಮೂರೂ ಕಡೆ ಯಂತ್ರ ಬೇಕು, ಬ್ಯಾಟರಿ ಬೇಕು, ದಿನಾ ನಕಲು ತೆಗೆದಿಡುವ ಮನುಷ್ಯ ಬೇಕು. ಅಂಥ ಮನುಷ್ಯ ವರ್ಗವಾಗಿ ಹೋದರೆ ಮೂಲೆಯಲ್ಲಿ ದೂಳು ತಿನ್ನುವ ಪೆಟ್ಟಿಗೆಯೊಂದು ಉಳಿಯುತ್ತದೆ. ಅದರ ಡಿಸ್ಕು ಕೆಟ್ಟ ದಿನ ಕಚೇರಿಯ ಅಷ್ಟೂ ವರ್ಷದ ನೆನಪು ಹೋಗುತ್ತದೆ.

ಇನ್ನೊಂದು ದಾರಿ: ಎಲ್ಲರ ಅಂಚೆಪೆಟ್ಟಿಗೆಯೂ ಒಂದೇ ಭದ್ರ ಜಾಗದಲ್ಲಿ. ಅಲ್ಲಿ ಕರೆಂಟು ಹೋಗದು, ನಕಲು ಇನ್ನೊಂದು ಊರಿನಲ್ಲೂ ಇರುತ್ತದೆ, ನೋಡಿಕೊಳ್ಳುವವರು ಹಗಲಿರುಳೂ ಇರುತ್ತಾರೆ. ಇದರ ಬೆಲೆ ಬೇರೆ. ಬಬಲೇಶ್ವರದ ಕಚೇರಿಯಲ್ಲಿ ಎದುರುಬದುರು ಕೂತ ಇಬ್ಬರ ನಡುವಿನ ಮೇಲ್ ಕೂಡ ದೂರದ ಊರಿಗೆ ಹೋಗಿ ಬರಬೇಕು. ರಸ್ತೆ ಅಗೆಯುವಾಗ ಕೇಬಲ್ ಕಡಿದರೆ ಮೇಲ್ ಭದ್ರವಾಗಿಯೇ ಇರುತ್ತದೆ, ಓದಲು ಮಾತ್ರ ಸಿಗದು.

ಸರ್ಕಾರ ಆರಿಸಿಕೊಂಡದ್ದು ಬಹುಮಟ್ಟಿಗೆ ಎರಡನೆಯದನ್ನು. ಅದಕ್ಕೊಂದು ಚರಿತ್ರೆ ಇದೆ. 1976ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ, ಸ್ಥಾಪಕ ಮಹಾನಿರ್ದೇಶಕ ಎನ್. ಶೇಷಗಿರಿ ಅವರ ಕಾಲದಲ್ಲಿ ಒಂದು ದಿಟ್ಟ ಹೆಜ್ಜೆ ಇಟ್ಟಿತು. ಫೋನ್ ಲೈನುಗಳನ್ನು ನಂಬಿ ಕೂರದೆ 1980ರ ದಶಕದ ದ್ವಿತೀಯಾರ್ಧದಲ್ಲಿ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ದಿಲ್ಲಿಗೆ ಜೋಡಿಸತೊಡಗಿತು. ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು; ಅದಕ್ಕೂ ಮೊದಲೇ ಜಿಲ್ಲಾ ಕಚೇರಿಗಳಿಗೆ ಈ ಜಾಲ ಮುಟ್ಟತೊಡಗಿತ್ತು. 2005ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆ ರಾಜಧಾನಿ, ಜಿಲ್ಲೆ, ತಾಲ್ಲೂಕು ಎಂಬ ಮೂರು ಹಂತಗಳಲ್ಲಿ ಕನಿಷ್ಠ 2 ಎಂಬಿಪಿಎಸ್ ಸಂಪರ್ಕವನ್ನು ಗುರಿಯಾಗಿ ಇಟ್ಟುಕೊಂಡಿತು. ಮುಖ್ಯ ಅಂಚೆ ಕಚೇರಿ, ಉಪ ಅಂಚೆ ಕಚೇರಿ, ಶಾಖಾ ಅಂಚೆ ಕಚೇರಿ ಎಂಬ ಹಳೆಯ ಮೂರು ಮೆಟ್ಟಿಲಿನ ನೆನಪಾಗದೆ ಇರದು.

ಹಾಗಾದರೆ ತಾಲ್ಲೂಕಿನಲ್ಲಿ ಮಾಡಬೇಕಾದ್ದು ಸರ್ವರ್ ಕಟ್ಟುವುದಲ್ಲ, ಸರ್ವರಿನವರೆಗಿನ ದಾರಿಯನ್ನು ಎರಡು ಮಾಡುವುದು. ಒಂದು ನೆಲದಡಿಯ ಕೇಬಲ್ ಆದರೆ ಇನ್ನೊಂದು ಗಾಳಿಯ ಮೂಲಕದ್ದಾಗಿರಬೇಕು. ಎರಡೂ ಕೇಬಲ್ಲುಗಳು ಒಂದೇ ಗಟಾರದ ಪಕ್ಕ ಹೋಗುತ್ತಿದ್ದರೆ ಅವು ಲೆಕ್ಕಕ್ಕೆ ಎರಡು, ಜೆಸಿಬಿಗೆ ಒಂದೇ.

ಅರಗಿನ ಮೊಹರು

ಮುಟ್ಟುವುದಷ್ಟೇ ಸಾಲದು, ಬಂದದ್ದನ್ನು ನಂಬಬೇಕು. ಆದಿಲ್‌ಶಾಹಿ ಫರ್ಮಾನುಗಳ ಮೇಲೆ ಮೊಹರು ಇರುತ್ತಿತ್ತು. ಬ್ರಿಟಿಷರ ಕಾಲದ ಖಜಾನೆ ಚೀಲಕ್ಕೆ ಅರಗಿನ ಮುದ್ರೆ. ಪೋಸ್ಟೆಲ್ ಅವರ ನಿಯಮಾವಳಿಯಲ್ಲಿ ಇದಿರಲಿಲ್ಲ. ಯಾರು ಯಾರ ಹೆಸರಲ್ಲಿ ಬೇಕಾದರೂ ಪತ್ರ ಹಾಕಬಹುದಿತ್ತು. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಬಳಗದಲ್ಲಿ ಅದು ನಡೆಯುತ್ತಿತ್ತು. ಬಳಗ ಜಗತ್ತಾದಾಗ ಮೊಹರುಗಳನ್ನು ಒಂದೊಂದಾಗಿ ಸೇರಿಸಬೇಕಾಯಿತು. ‘ನಮ್ಮ ಹೆಸರಿನಲ್ಲಿ ಕಳಿಸುವ ಅಧಿಕಾರ ಈ ಯಂತ್ರಗಳಿಗೆ ಮಾತ್ರ’ ಎಂದು ಸಾರುವ ಎಸ್‌ಪಿಎಫ್ ದಾಖಲೆ 2006ರಲ್ಲಿ ನಿಯಮದ ರೂಪ ಪಡೆಯಿತು. ಪತ್ರದ ಮೇಲೆ ಗೂಢಲಿಪಿಯ ಮುದ್ರೆ ಒತ್ತುವ ಡಿಕಿಮ್ 2007ರಲ್ಲಿ ಬಂತು. ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಬಂದದ್ದು 2015ರಲ್ಲಿ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಸಂಖ್ಯೆಯಲ್ಲಿ ಮೇಲ್ ಕಳಿಸುವವರಿಗೆ ಇವನ್ನು ಕಡ್ಡಾಯ ಮಾಡಿದವು.

ಹೀಗಾಗಿ ಇಂದು ಸಣ್ಣ ಊರಿನಲ್ಲಿ ಸ್ವಂತ ಸರ್ವರ್ ಹೂಡುವವರ ಕಷ್ಟ ಪತ್ರ ಕಳಿಸುವುದರಲ್ಲಿಲ್ಲ. ಪರಿಚಯವಿಲ್ಲದ ಯಂತ್ರದಿಂದ ಬಂದದ್ದನ್ನು ದೊಡ್ಡ ಸಂಸ್ಥೆಗಳು ಕಸದ ಪೆಟ್ಟಿಗೆಗೆ ತಳ್ಳುತ್ತವೆ. 250 ಎಂಬ ಸಹಿ ಬಿದ್ದಿರುತ್ತದೆ, ಪತ್ರವೂ ಮುಟ್ಟಿರುತ್ತದೆ, ಆದರೆ ಯಾರೂ ನೋಡದ ಮೂಲೆಯಲ್ಲಿ. ಟಪಾಲು ಶಾಖೆಯವರು ಸಹಿ ಹಾಕಿ ತೆಗೆದುಕೊಂಡ ಕಾಗದ ವಿಷಯ ನಿರ್ವಾಹಕರ ಟೇಬಲ್ಲಿಗೆ ಬಾರದೆ ಉಳಿಯುತ್ತಿದ್ದುದೂ ಇದೇ ಬಗೆಯ ಸಂಗತಿ.

ಯಾವ ದಿನ ಮುಟ್ಟಿತು?

ಇದು ಬರಿಯ ತಾಂತ್ರಿಕ ಮಾತಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಪ್ರಕಾರ ಅರ್ಜಿ ಮುಟ್ಟಿದ ದಿನದಿಂದ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯನ್ನು ಇಲೆಕ್ಟ್ರಾನಿಕ್ ರೂಪದಲ್ಲೂ ಕೊಡಬಹುದು. ತಿಕೋಟಾದ ರೈತನೊಬ್ಬ ತನ್ನ ಹೊಲದ ಉತಾರಿಯ ಬಗ್ಗೆ ಮೇಲ್ ಕಳಿಸಿದ ಎನ್ನಿ. ಮೂವತ್ತು ದಿನವನ್ನು ಎಂದಿನಿಂದ ಎಣಿಸುವುದು? ಅವನು ಕಳಿಸಿದ ದಿನದಿಂದಲೋ, ಸರ್ವರ್ ಸಹಿ ಹಾಕಿದ ದಿನದಿಂದಲೋ, ಅಧಿಕಾರಿ ತೆರೆದು ನೋಡಿದ ದಿನದಿಂದಲೋ?

ಕಾಗದದ ಕಾಲದಲ್ಲಿ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೆಯ ಕಲಮು ಇದಕ್ಕೆ ಉತ್ತರ ಹೇಳಿತ್ತು: ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ರಿಜಿಸ್ಟರ್ ಅಂಚೆಯಲ್ಲಿ ಹಾಕಿದರೆ, ಬೇರೆ ಸಾಕ್ಷ್ಯ ಇಲ್ಲದಿದ್ದಲ್ಲಿ, ಮಾಮೂಲಾಗಿ ಮುಟ್ಟುವ ಹೊತ್ತಿಗೆ ಮುಟ್ಟಿತೆಂದೇ ತಿಳಿಯಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೆಯ ಕಲಮು ಅದೇ ಪ್ರಶ್ನೆಯನ್ನು ಹೊಸ ಕಾಲಕ್ಕೆ ಬಿಡಿಸಿತು. ಕಳಿಸಿದವನ ಹತೋಟಿಯಿಂದಾಚೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಕ್ಕಾಗ ‘ಕಳಿಸಿದ್ದು’. ಪಡೆಯುವವರು ಇಂಥದ್ದೇ ವಿಳಾಸ ಎಂದು ಗೊತ್ತುಮಾಡಿದ್ದರೆ ಅದನ್ನು ಹೊಕ್ಕಾಗ ‘ಮುಟ್ಟಿದ್ದು’. ಗೊತ್ತುಮಾಡಿದ್ದನ್ನು ಬಿಟ್ಟು ಅವರ ಬೇರೊಂದು ವಿಳಾಸಕ್ಕೆ ಕಳಿಸಿದ್ದರೆ, ಅವರು ತೆಗೆದು ನೋಡಿದಾಗ ಮಾತ್ರ ‘ಮುಟ್ಟಿದ್ದು’. ಸರ್ವರ್ ಯಾವ ಊರಿನಲ್ಲೇ ಇರಲಿ, ಕಚೇರಿ ಇರುವ ಜಾಗದಲ್ಲೇ ಅದು ಮುಟ್ಟಿತೆಂದು ಲೆಕ್ಕ. ದಿಲ್ಲಿಯ ಯಂತ್ರದಲ್ಲಿ ಕೂತ ಪತ್ರ ಕಾನೂನಿನ ದೃಷ್ಟಿಯಲ್ಲಿ ತಿಕೋಟಾಕ್ಕೇ ಬಂದಿದೆ.

ಇಲ್ಲಿ ‘ಗೊತ್ತುಮಾಡಿದ ವಿಳಾಸ’ ಎಂಬ ಮಾತಿಗೆ ತೂಕವಿದೆ. ಕಚೇರಿಗೆ ಒಂದು ಖಚಿತ ವಿಳಾಸವಿದ್ದರೆ ರೈತನ ಮೂವತ್ತು ದಿನ ಯಂತ್ರ ಸಹಿ ಹಾಕಿದ ಕ್ಷಣದಿಂದಲೇ ಶುರು. ಅವನು ಬೇರೆ ಯಾವುದೋ ವಿಳಾಸಕ್ಕೆ ಕಳಿಸುವಂತಾದರೆ ಲೆಕ್ಕ ಅಧಿಕಾರಿ ಮೇಲ್ ತೆರೆಯುವ ಮರ್ಜಿಗೆ ಹೋಗಿ ನಿಲ್ಲುತ್ತದೆ.

ಉಳಿಯುವುದೇನು?

ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿದ ಇ-ಮೇಲ್ ನೀತಿಯಲ್ಲಿ ಅಧಿಕಾರಿಗೆ ಎರಡು ವಿಳಾಸಗಳ ಮಾತಿದೆ: ಹೆಸರಿನದೊಂದು, ಹುದ್ದೆಯದೊಂದು. ವರ್ಗವಾದಾಗ ಹುದ್ದೆಯ ವಿಳಾಸವನ್ನು ಮುಂದೆ ಬರುವವರಿಗೆ ಒಪ್ಪಿಸಿ ಹೋಗಬೇಕು. ತಹಶೀಲ್ದಾರರು ಬದಲಾಗುತ್ತಾರೆ, ‘ತಹಶೀಲ್ದಾರ್, ಬಬಲೇಶ್ವರ’ ಎಂಬುದು ಬದಲಾಗದು. ಹಳೆಯ ಲಕೋಟೆಗಳ ಮೇಲೆ ವ್ಯಕ್ತಿಯ ಹೆಸರಿಲ್ಲದೆ ಹುದ್ದೆಯ ಹೆಸರು ಮಾತ್ರ ಇರುತ್ತಿದ್ದುದು ಇದಕ್ಕಾಗಿಯೇ.

ಆದರೆ ರಾಜ್ಯದ ಯಾವುದೇ ಜಿಲ್ಲೆಯ ಕಚೇರಿಗಳ ದೂರವಾಣಿ ಪಟ್ಟಿ ತೆರೆದು ನೋಡಿ, ಪುಕ್ಕಟೆ ಸಿಗುವ ಖಾಸಗಿ ಮೇಲ್ ವಿಳಾಸಗಳು ಕಣ್ಣಿಗೆ ಬೀಳುತ್ತವೆ. ಇನ್ನೆಷ್ಟೋ ಆದೇಶಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಪಿಡಿಎಫ್ ಆಗಿ ಹರಿದಾಡುತ್ತವೆ. ಕೆಲಸ ಬೇಗ ಆಗುತ್ತದೆ, ನಿಜ. ಆ ಖಾತೆಯ ಗುಪ್ತಪದ ಬಲ್ಲವರು ವರ್ಗವಾಗಿ ಹೋದರೆ, ಫೋನು ಬದಲಿಸಿದರೆ, ಕಚೇರಿಯ ಆವಕವೂ ಜಾವಕವೂ ಅವರ ಜೊತೆಗೇ ಹೋಗುತ್ತವೆ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕಂಪ್ಯೂಟರಿನಲ್ಲಿ ಹುಟ್ಟಿದ್ದನ್ನೂ ದಾಖಲೆಯೆಂದೇ ಕರೆದಿದೆ. ಕರ್ನಾಟಕವೂ 2010ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕಾಯ್ದೆ ಇದೆ, ಇನ್ನು ವಹಿ ಇಡುವ ಅಭ್ಯಾಸ ಬೇಕು.

ದಾಖಲೆ ಊರು ಬಿಟ್ಟರೆ ಏನಾಗುತ್ತದೆ ಎಂಬುದು ವಿಜಯಪುರಕ್ಕೆ ಹೊಸ ಪಾಠವಲ್ಲ. ಆಸಾರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಪಾರ್ಸಿ ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯ ಸೇರಿದವು. ಆ ಗ್ರಂಥಗಳನ್ನು ಓದಬೇಕಾದ ವಿದ್ಯಾರ್ಥಿ ಆಸಾರ್ ಮಹಲಿನ ಕೆರೆಯ ಪಕ್ಕ ಕೂತರೆ ಪ್ರಯೋಜನವಿಲ್ಲ. ಆದರೂ ಅವು ಎಲ್ಲಿವೆಯೆಂದು ಗೊತ್ತಿದೆ, ಪಟ್ಟಿಯಾಗಿದೆ, ಕೇಳಿದರೆ ಸಿಗುತ್ತವೆ. ಒಬ್ಬ ಅಧಿಕಾರಿಯ ಹಳೆಯ ಫೋನಿನೊಳಗೆ ಉಳಿದ ಆದೇಶಕ್ಕೆ ಅಷ್ಟು ಭಾಗ್ಯವೂ ಇಲ್ಲ.

ಎರಡು ಹೊಸ ತಾಲ್ಲೂಕುಗಳು ತಮ್ಮ ಮೊದಲ ವರ್ಷಗಳನ್ನು ಕಳೆದದ್ದು ಇಂಥ ಸಂಧಿಕಾಲದಲ್ಲಿ. ಯಾವ ಹಳ್ಳಿ ಯಾವ ತಾಲ್ಲೂಕಿಗೆ ಸೇರಬೇಕೆಂಬ ತಕರಾರು, ಮೊದಲ ಸಿಬ್ಬಂದಿ ಯಾರು, ಕಚೇರಿಗೆ ಜಾಗ ಸಿಕ್ಕಿದ್ದು ಹೇಗೆ: ಒಂದು ತಾಲ್ಲೂಕಿನ ಹುಟ್ಟಿನ ಕಥೆಯೆಲ್ಲ ಆ ವರ್ಷಗಳ ಪತ್ರಗಳಲ್ಲೇ ಇರುತ್ತದೆ. ಕಲಾದಗಿಯಿಂದ ಬಿಜಾಪುರಕ್ಕೆ ಜಿಲ್ಲಾ ಕಚೇರಿ ಬಂದ 1885ರ ಸಂಗತಿಯನ್ನು ನಾನು ಇಂದು ಬರೆಯಬಲ್ಲೆನಾದರೆ ಅದಕ್ಕೆ ಕಾರಣ ಯಾರೋ ಕಾರಕೂನರು ನಂಬರು ಹಾಕಿ ಇಟ್ಟ ಕಾಗದಗಳು. 2018ರ ತಿಕೋಟಾವನ್ನು ನೂರು ವರ್ಷದ ಮೇಲೆ ಬರೆಯಹೊರಟವರಿಗೂ ಅಷ್ಟು ಸಿಗಬೇಕಲ್ಲವೇ?

ಅದಕ್ಕೆ ಬೇಕಾದದ್ದು ಭಾರಿ ಖರ್ಚಿನ ಯಂತ್ರಗಳಲ್ಲ. ಪ್ರತಿ ಕಚೇರಿಗೂ ಹುದ್ದೆಯ ಹೆಸರಿನ ಒಂದು ಖಚಿತ ವಿಳಾಸ, ಅದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ. ಅಲ್ಲಿಗೆ ಬಂದ ಮತ್ತು ಅಲ್ಲಿಂದ ಹೋದ ಪ್ರತಿ ಮೇಲಿಗೂ ಒಂದು ಆವಕ–ಜಾವಕ ನಂಬರು. ಕಚೇರಿಯ ಯಾರ ಕೈಗೂ ಅಳಿಸಲು ಸಿಗದ ಒಂದು ನಕಲು ಬೇರೊಂದು ಊರಿನಲ್ಲಿ. ಅಧಿಕಾರಿ ವರ್ಗವಾಗುವಾಗ ಕೊಡುವ ಪ್ರಭಾರ ಪಟ್ಟಿಯಲ್ಲಿ ಬೀರು, ಕೀಲಿಕೈ, ಜೀಪಿನ ಜೊತೆಗೆ ಮೇಲ್ ಖಾತೆಯ ಹೆಸರೂ ಒಂದು ಸಾಲಾಗಿ ಸೇರಿ, ಅದರ ಎದುರಿಗೆ ಕೊಟ್ಟವರದು, ತೆಗೆದುಕೊಂಡವರದು ಎರಡು ಸಹಿ ಬೀಳಲಿ.